ಪ್ರಭುತ್ವದ ಮೃದುಪ್ರೇರಣೆ: ಚಾರಿತ್ರಿಕ ಹಿನ್ನೆಲೆ ಮತ್ತು ಕೆಲವು ನೈತಿಕ ಪ್ರಶ್ನೆಗಳು

1. ಪೀಠಿಕೆ

ಪ್ರಭುತ್ವವು ತನ್ನ ಪ್ರಜೆಗಳಿಂದ ಒಂದು ಕಾರ್ಯವನ್ನು ಮಾಡಿಸಲು ಬಯಸಿದಾಗ ಅದರ ಮುಂದೆ ಸಾಮಾನ್ಯವಾಗಿ ಎರಡು ಮಾರ್ಗಗಳಿವೆಯೆಂದು ಭಾವಿಸಲಾಗುತ್ತದೆ. ಒಂದು ಆಜ್ಞೆ ಮತ್ತು ದಂಡನೆಯ ಮಾರ್ಗ. ಇನ್ನೊಂದು ಬಹುಮಾನದ ಮಾರ್ಗ. ಇವೆರಡರ ನಡುವೆ ಮೂರನೆಯ ಮಾರ್ಗವೊಂದಿದೆಯೆಂದು ಅಮೆರಿಕದ ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ ಮತ್ತು ನ್ಯಾಯಶಾಸ್ತ್ರಜ್ಞ ಕ್ಯಾಸ್ ಸನ್‌ಸ್ಟೀನ್ ತಮ್ಮ 2008ರ ಗ್ರಂಥದಲ್ಲಿ ಪ್ರತಿಪಾದಿಸಿ ಅದಕ್ಕೆ ‘ನಡ್ಜ್’ ಎಂಬ ಹೆಸರನ್ನಿತ್ತರು. ಪಕ್ಕದವನನ್ನು ಮೊಣಕೈಯಿಂದ ಮೆಲ್ಲನೆ ತಿವಿದು ಎಚ್ಚರಿಸುವುದು ಆ ಪದದ ಮೂಲಾರ್ಥ. ಯಾವ ಆಯ್ಕೆಯನ್ನೂ ನಿಷೇಧಿಸದೆ, ಲಾಭನಷ್ಟಗಳ ಲೆಕ್ಕವನ್ನು ಗಣನೀಯವಾಗಿ ಬದಲಿಸದೆ, ಆಯ್ಕೆಗಳನ್ನು ಮುಂದಿಡುವ ಕ್ರಮವನ್ನು ಮಾತ್ರ ಮಾರ್ಪಡಿಸಿ ಜನರ ನಡತೆಯನ್ನು ತಿದ್ದುವುದು ಅದರ ಪಾರಿಭಾಷಿಕ ಅರ್ಥ. ಪ್ರಸ್ತುತ ಲೇಖನದಲ್ಲಿ ಇದನ್ನು ನಾವು ‘ಮೃದುಪ್ರೇರಣೆ’ ಎಂದು ಕರೆದಿದ್ದೇವೆ.

ಈ ವಿಚಾರಕ್ಕೆ ದೊರೆತ ರಾಜಾಶ್ರಯ ಅಸಾಧಾರಣವಾದುದು. 2010ರಲ್ಲಿ ಬ್ರಿಟನ್ನಿನ ಸಚಿವ ಸಂಪುಟದ ಕಚೇರಿಯಲ್ಲಿಯೇ ಇದಕ್ಕಾಗಿ ಒಂದು ತಂಡ ರಚಿತವಾಯಿತು. 2015ರ ಸೆಪ್ಟೆಂಬರಿನಲ್ಲಿ ಅಮೆರಿಕದ ಅಧ್ಯಕ್ಷ ಒಬಾಮಾ ಅವರು ಸರ್ಕಾರಿ ಇಲಾಖೆಗಳು ವರ್ತನಾವಿಜ್ಞಾನವನ್ನು ಬಳಸಿಕೊಳ್ಳಬೇಕೆಂದು ಆದೇಶಿಸಿದರು. 2017ರಲ್ಲಿ ಥೇಲರ್ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಪುರಸ್ಕಾರ ಸಂದಿತು. 2019ರ ಜುಲೈಯಲ್ಲಿ ಮಂಡಿತವಾದ ಭಾರತ ಸರ್ಕಾರದ ಆರ್ಥಿಕ ಸಮೀಕ್ಷೆಯು ತನ್ನ ಎರಡನೆಯ ಅಧ್ಯಾಯವನ್ನು ಪೂರ್ಣವಾಗಿ ಈ ವಿಷಯಕ್ಕೇ ಮೀಸಲಿಟ್ಟಿತು.

ಹೆಸರು ಹೊಸದಾದರೂ ಪದಾರ್ಥ ಹೊಸದಲ್ಲ. ಹನ್ನೊಂದನೆಯ ಶತಮಾನದ ಕಾಶ್ಮೀರದ ಆಲಂಕಾರಿಕ ಮಮ್ಮಟನು ತನ್ನ ಕಾವ್ಯಪ್ರಕಾಶದಲ್ಲಿ ಉಪದೇಶದ ಮೂರು ಬಗೆಗಳನ್ನು ಹೇಳಿರುವುದು ಪ್ರಾಚೀನ ಸಾಹಿತ್ಯದ ಅಭ್ಯಾಸಿಗಳಿಗೆಲ್ಲ ಸುಪರಿಚಿತ. ವೇದವು ಒಡೆಯನಂತೆ ಆಜ್ಞಾಪಿಸುತ್ತದೆ, ಅದು ಪ್ರಭುಸಂಮಿತ. ಇತಿಹಾಸ ಪುರಾಣಗಳು ಗೆಳೆಯನಂತೆ ಹಿತಾಹಿತಗಳನ್ನು ತಿಳಿಹೇಳುತ್ತವೆ, ಅದು ಸುಹೃತ್ಸಂಮಿತ. ಕಾವ್ಯವು ನಲ್ಲೆಯಂತೆ ಒಲಿಸಿ, ಕೇಳುವವನಿಗೆ ಅರಿವಾಗದಂತೆಯೇ ಅವನನ್ನು ಸನ್ಮಾರ್ಗಕ್ಕೆ ತಿರುಗಿಸುತ್ತದೆ; ಅದು ಕಾಂತಾಸಂಮಿತ. ಈ ಪರಿಭಾಷೆಯಲ್ಲಿ ಹೇಳುವುದಾದರೆ, ಪ್ರಭುವೇ ಕಾಂತೆಯ ಧ್ವನಿಯಲ್ಲಿ ಮಾತನಾಡತೊಡಗುವುದು ಮೃದುಪ್ರೇರಣೆ. ಆದರೆ ಕಾಂತೆಯ ಕೈಯಲ್ಲಿ ದಂಡವಿಲ್ಲ. ಕಾವ್ಯವು ರುಚಿಸದಿದ್ದರೆ ಓದುಗ ಅದನ್ನು ಮಡಿಚಿಡಬಲ್ಲ. ಪ್ರಭುವಿನ ಒಂದು ಕೈಯಲ್ಲಿ ದಂಡವಿರುವಾಗ ಇನ್ನೊಂದು ಕೈಯ ಮೃದುಸ್ಪರ್ಶವನ್ನು ನಾವು ಹೇಗೆ ಅರ್ಥೈಸಬೇಕು? ಈ ಪ್ರಶ್ನೆಯನ್ನು ನಮ್ಮ ಚರಿತ್ರೆಯ ನಾಲ್ಕು ಸಂದರ್ಭಗಳಲ್ಲಿಟ್ಟು ಪರಿಶೀಲಿಸುವುದು ಈ ಲೇಖನದ ಉದ್ದೇಶ.

2. ಅಶೋಕನ ನಿಯಮ ಮತ್ತು ನಿಝತಿ

ದೆಹಲಿಯ ಫಿರೋಜ್ ಷಾ ಕೋಟ್ಲಾದ ಮೇಲೆ ನಿಂತಿರುವ ಅಶೋಕಸ್ತಂಭವನ್ನು ಹದಿನಾಲ್ಕನೆಯ ಶತಮಾನದಲ್ಲಿ ಫಿರೋಜ್ ಷಾ ತುಘಲಕನು ಟೋಪ್ರಾದಿಂದ ಅಲ್ಲಿಗೆ ತರಿಸಿದನು. ಏಳನೆಯ ಸ್ತಂಭಶಾಸನವು ದೊರೆಯುವುದು ಈ ಒಂದು ಕಂಬದಲ್ಲಿ ಮಾತ್ರ. ಪಟ್ಟಾಭಿಷೇಕದ ಇಪ್ಪತ್ತೇಳನೆಯ ವರ್ಷದ ಈ ಶಾಸನದಲ್ಲಿ ಅಶೋಕನು ತನ್ನ ಆಡಳಿತದ ಸಿಂಹಾವಲೋಕನವನ್ನು ಮಾಡಿದ್ದಾನೆ. ಜನರಲ್ಲಿ ಧರ್ಮವು ವೃದ್ಧಿಯಾದುದು ಎರಡು ಉಪಾಯಗಳಿಂದ ಎಂದು ಅವನು ಹೇಳುತ್ತಾನೆ. ಒಂದು ನಿಯಮ, ಇನ್ನೊಂದು ನಿಝತಿ. ‘ನಿಝತಿ’ಯನ್ನು ವಿದ್ವಾಂಸರು ಮನನವೆಂದೂ ಮನವೊಲಿಕೆಯೆಂದೂ ಅರ್ಥೈಸಿದ್ದಾರೆ. ಇಂತಿಂಥ ಪ್ರಾಣಿಗಳನ್ನು ಕೊಲ್ಲಬಾರದೆಂಬುದು ನಿಯಮಕ್ಕೆ ಅವನೇ ಕೊಟ್ಟ ಉದಾಹರಣೆ. ಇವೆರಡರಲ್ಲಿ ನಿಯಮದಿಂದಾದುದು ಅಲ್ಪ, ನಿಝತಿಯಿಂದಾದುದೇ ಅಧಿಕ ಎಂಬುದು ಅವನ ನಿರ್ಣಯ. ಇಪ್ಪತ್ತೆರಡು ಶತಮಾನಗಳಿಗೂ ಹಿಂದೆ ಆಳುವವನೊಬ್ಬನು ತನ್ನ ಎರಡು ಉಪಕರಣಗಳ ಫಲವನ್ನು ಹೀಗೆ ತೂಗಿ ನೋಡಿ, ಆ ತೂಕವನ್ನು ಬಹಿರಂಗವಾಗಿ ಕಲ್ಲಿನಲ್ಲಿ ಬರೆಯಿಸಿದುದು ಗಮನಾರ್ಹವಾಗಿದೆ.

ಅದೇ ಶಾಸನದಲ್ಲಿ ದಾರಿಬದಿಯ ಆಲದ ಮರಗಳು, ಮಾವಿನ ತೋಪುಗಳು, ಬಾವಿಗಳು, ತಂಗುದಾಣಗಳ ಪ್ರಸ್ತಾಪವಿದೆ. ಇಂತಹ ಸೌಕರ್ಯಗಳನ್ನು ಹಿಂದಿನ ಅರಸರೂ ಒದಗಿಸಿದ್ದರು; ತಾನು ಒದಗಿಸಿದುದಾದರೋ ಜನರು ಧರ್ಮವನ್ನು ಅನುಸರಿಸಲೆಂದು ಎಂಬುದು ಅವನ ವಿವರಣೆ. ಪರಿಸರವನ್ನು ಅನುಕೂಲಗೊಳಿಸಿ ನಡತೆಯನ್ನು ತಿದ್ದುವ ಆಶಯ ಇಲ್ಲಿ ಸ್ಪಷ್ಟವಾಗಿದೆ. ಅಷ್ಟೇ ಮುಖ್ಯವಾದುದು ಆಶಯವನ್ನು ಮುಚ್ಚಿಡದೆ ಹೇಳಿರುವುದು. ಧೌಲಿ, ಜೌಗಡಗಳಲ್ಲಿಯೂ, 1989ರಲ್ಲಿ ಗುಲಬರ್ಗಾ ಜಿಲ್ಲೆಯ ಸನ್ನತಿಯಲ್ಲಿಯೂ ದೊರೆತ ಪ್ರತ್ಯೇಕ ಶಾಸನಗಳು ಅಧಿಕಾರಿಗಳನ್ನು ಕುರಿತವು. ಅವನ್ನು ತಿಷ್ಯ ನಕ್ಷತ್ರದ ದಿನಗಳಲ್ಲಿ ಓದಿ ಕೇಳಿಸಬೇಕು, ಕೇಳಲು ಒಬ್ಬನೇ ಇದ್ದರೂ ಓದಬೇಕು ಎಂಬ ಸೂಚನೆ ಅಲ್ಲಿದೆ. ಅಧಿಕಾರಿಗೆ ಅರಸನು ಏನನ್ನು ವಿಧಿಸಿದ್ದಾನೆಂಬುದು ಪ್ರಜೆಗೂ ತಿಳಿಯಬೇಕೆಂಬ ವಿವೇಕವನ್ನು ನಾವು ಇಲ್ಲಿ ಕಾಣುತ್ತೇವೆ.

ಆದರೆ ಈ ಚಿತ್ರಕ್ಕೆ ಇನ್ನೊಂದು ಮುಖವೂ ಉಂಟು. ಕಳಿಂಗ ಯುದ್ಧದ ಪಶ್ಚಾತ್ತಾಪವನ್ನು ತೋಡಿಕೊಳ್ಳುವ ಹದಿಮೂರನೆಯ ಶಿಲಾಶಾಸನದಲ್ಲಿಯೇ ಅಶೋಕನು ಅಟವಿಗಳ ಜನರಿಗೆ ಎಚ್ಚರಿಕೆಯನ್ನು ಕೊಡುತ್ತಾನೆ. ತಾನು ಪಶ್ಚಾತ್ತಾಪಪಟ್ಟಿದ್ದರೂ ತನ್ನಲ್ಲಿ ಶಕ್ತಿಯಿದೆ. ಅವರು ನಾಚಿ ತಿದ್ದಿಕೊಂಡರೆ ಕೊಲೆಗೀಡಾಗುವುದಿಲ್ಲ ಎಂಬುದು ಅದರ ಸಾರ. ಪಾಟಲಿಪುತ್ರದ ಪ್ರಜೆಗೆ ನಿಝತಿಯಾಗಿ ಕೇಳಿಸಿದ ಮಾತು ಕಾಡಿನ ಅಂಚಿನಲ್ಲಿರುವವನಿಗೆ ಬೆದರಿಕೆಯಾಗಿ ಕೇಳಿಸಿರಬಹುದು. ಪ್ರಭುತ್ವದ ಮೃದುತ್ವವು ಎಲ್ಲರಿಗೂ ಒಂದೇ ಪ್ರಮಾಣದಲ್ಲಿ ಮೃದುವಾಗಿರುವುದಿಲ್ಲ ಎಂಬ ಅಂಶವನ್ನು ನಾವು ಮುಂದೆಯೂ ನೆನಪಿನಲ್ಲಿಡಬೇಕಾಗಿದೆ.

3. ಕೌಟಿಲ್ಯನ ಉಪಾಯಗಳು

ಮೈಸೂರಿನ ಓರಿಯಂಟಲ್ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳು ಬೆಳಕಿಗೆ ತಂದು 1909ರಲ್ಲಿ ಪ್ರಕಟಿಸಿದ ಅರ್ಥಶಾಸ್ತ್ರದ ಐದನೆಯ ಅಧಿಕರಣದ ಎರಡನೆಯ ಅಧ್ಯಾಯವು ಬರಿದಾದ ಬೊಕ್ಕಸವನ್ನು ತುಂಬಿಸುವ ಉಪಾಯಗಳನ್ನು ಕುರಿತದ್ದು. ಅಲ್ಲಿ ಹೇಳಿರುವ ಒಂದು ಕ್ರಮ ಹೀಗಿದೆ. ಸಮಾಹರ್ತೃವು ಯಾವುದೋ ಕಾರ್ಯದ ನೆವದಿಂದ ಪುರಜನರಲ್ಲಿ ಧನವನ್ನು ಯಾಚಿಸಬೇಕು. ಮೊದಲೇ ಗೊತ್ತುಮಾಡಿದ ತನ್ನವರು ಎಲ್ಲರ ಎದುರಿನಲ್ಲಿ ದೊಡ್ಡ ಮೊತ್ತವನ್ನು ಕೊಡಬೇಕು. ಅದನ್ನು ತೋರಿಸಿ ಉಳಿದವರಲ್ಲಿ ಕೇಳಬೇಕು. ಅಲ್ಪವನ್ನು ಕೊಟ್ಟವರನ್ನು ಪೌರರ ವೇಷದ ಗೂಢಪುರುಷರು ನಿಂದಿಸಬೇಕು. ದೈವದ ಉತ್ಪಾತವನ್ನು ಕೃತಕವಾಗಿ ತೋರಿಸಿ ಕಾಣಿಕೆಯನ್ನು ಸಂಗ್ರಹಿಸುವ, ಬಹುಶಿರಗಳ ಸರ್ಪವನ್ನು ತೋರಿಸಿ ಹಣವನ್ನು ಪಡೆಯುವ ಉಪಾಯಗಳೂ ಅಲ್ಲಿವೆ. ಇವು ಸಂಕಟಕಾಲಕ್ಕೆ ಹೇಳಿದ ಮಾತುಗಳು ಎಂಬುದನ್ನು ಮರೆಯಬಾರದು.

ನೆರೆಯವರು ಮಾಡುವುದನ್ನೇ ತಾನೂ ಮಾಡುವ ಮನುಷ್ಯಸ್ವಭಾವವನ್ನು ಇಂದಿನ ವರ್ತನಾವಿಜ್ಞಾನಿಗಳು ವಿಶೇಷವಾಗಿ ಬಳಸುತ್ತಾರೆ. ಹತ್ತರಲ್ಲಿ ಒಂಬತ್ತು ಮಂದಿ ಸಕಾಲದಲ್ಲಿ ತೆರಿಗೆಯನ್ನು ಪಾವತಿ ಮಾಡುತ್ತಾರೆ ಎಂಬ ಒಂದು ವಾಕ್ಯವನ್ನು ಸೇರಿಸಿದ ಪತ್ರಗಳನ್ನು ಬ್ರಿಟನ್ನಿನ ತೆರಿಗೆ ಇಲಾಖೆಯು ಬಾಕಿದಾರರಿಗೆ ಕಳುಹಿಸಿದಾಗ ಪಾವತಿ ಹೆಚ್ಚಿತು. ಕೌಟಿಲ್ಯನ ಉಪಾಯಕ್ಕೂ ಇದಕ್ಕೂ ಮನಶ್ಶಾಸ್ತ್ರದ ದೃಷ್ಟಿಯಿಂದ ಭೇದವಿಲ್ಲ. ನೀತಿಯ ದೃಷ್ಟಿಯಿಂದ ಭೇದವುಂಟು. ಒಂದರಲ್ಲಿ ಮುಂದಿಟ್ಟ ನಿದರ್ಶನ ಕಪಟ. ಇನ್ನೊಂದರಲ್ಲಿ ಅದು ನಿಜ. ಒಂದು ಬಯಲಾದರೆ ಕೆಡುತ್ತದೆ. ಇನ್ನೊಂದು ಬಯಲಾದರೂ ನಿಲ್ಲುತ್ತದೆ. ತನ್ನ ಉಪಾಯವನ್ನು ಪ್ರಜೆಗಳ ಮುಂದೆ ಬಹಿರಂಗವಾಗಿ ಸಮರ್ಥಿಸಲಾರದ ಸರ್ಕಾರವು ಅದನ್ನು ಬಳಸಕೂಡದು ಎಂಬ ತತ್ತ್ವವನ್ನು ಥೇಲರ್ ಮತ್ತು ಸನ್‌ಸ್ಟೀನ್ ತತ್ತ್ವಜ್ಞಾನಿ ಜಾನ್ ರಾಲ್ಸ್ ಅವರಿಂದ ಪಡೆದು ಒಪ್ಪಿಕೊಂಡಿದ್ದಾರೆ. ಈ ಒರೆಗಲ್ಲಿಗೆ ಹಚ್ಚಿದರೆ ಅಶೋಕನ ಕಂಬ ಉಳಿಯುತ್ತದೆ, ಕೌಟಿಲ್ಯನ ಸರ್ಪ ಉಳಿಯುವುದಿಲ್ಲ.

4. ಶಾಸನಗಳ ಶಾಪಾಶಯ

ಮೂರನೆಯ ಸಂದರ್ಭವು ನಮ್ಮ ಅಧ್ಯಯನಕ್ಷೇತ್ರಕ್ಕೆ ಹತ್ತಿರವಾದುದು. ಸು. 450ರ ಹಲ್ಮಿಡಿ ಶಾಸನದಲ್ಲಿಯೇ ದತ್ತಿಯನ್ನು ಕೆಡಿಸುವವನಿಗೆ ಮಹಾಪಾತಕವೆಂಬ ಮಾತು ಬರುತ್ತದೆ. ಅನಂತರದ ಸಹಸ್ರಾರು ದಾನಶಾಸನಗಳ ಕೊನೆಯಲ್ಲಿ ಶಾಪಾಶಯದ ಭಾಗವು ವಿಸ್ತಾರಗೊಂಡಿತು. ಧರ್ಮವನ್ನು ಪಾಲಿಸಿದವನಿಗೆ ವಾರಣಾಸಿ, ಕುರುಕ್ಷೇತ್ರಗಳಲ್ಲಿ ಸಾವಿರ ಕವಿಲೆಗಳನ್ನು ದಾನ ಮಾಡಿದ ಫಲ. ಅಳಿದವನಿಗೆ ಅದೇ ಕ್ಷೇತ್ರಗಳಲ್ಲಿ ಅಷ್ಟೇ ಕವಿಲೆಗಳನ್ನು ಕೊಂದ ಪಾಪ. ಲಾಭವನ್ನೂ ನಷ್ಟವನ್ನೂ ಒಂದೇ ಅಳತೆಯಲ್ಲಿಟ್ಟು ಹೇಳುವ ಈ ರಚನೆ ಕೇವಲ ಅಲಂಕಾರವಲ್ಲ. ದತ್ತಿ ಕೊಟ್ಟ ಅರಸನಾಗಲಿ ನಾಡಪ್ರಭುವಾಗಲಿ ತನ್ನ ಮರಣಾನಂತರ ಅದನ್ನು ಕಾಯಲಾರ. ಮುಂದೆ ಬರುವ ಅಧಿಕಾರಿಯ ಕೈಯನ್ನು ತಡೆಯಲು ಅವನಲ್ಲಿ ದಂಡವಿಲ್ಲ. ಉಳಿದಿರುವುದು ಮಾತು ಮಾತ್ರ. ದಂಡವಿಲ್ಲದ ಕಾಲಕ್ಕಾಗಿ, ಇನ್ನೂ ಹುಟ್ಟದ ಓದುಗನನ್ನು ಉದ್ದೇಶಿಸಿ ರಚಿಸಿದ ಪ್ರೇರಣೆಯೇ ಶಾಪಾಶಯ.

ಓದುಬಾರದವನಿಗಾಗಿ ಕಲ್ಲಿನ ಮೇಲೆ ಚಿತ್ರಗಳನ್ನು ಕೊರೆದರು. ಸೂರ್ಯಚಂದ್ರರು ದತ್ತಿಯ ಶಾಶ್ವತತೆಯನ್ನು ಸೂಚಿಸಿದರು. ಮಹಾರಾಷ್ಟ್ರ, ಗೋವಾ ಪ್ರದೇಶಗಳಲ್ಲಿ ಶಿಲಾಹಾರ, ಯಾದವರ ಕಾಲದಿಂದ ದೊರೆಯುವ ‘ಗಧೇಗಳ್’ ಎಂಬ ಕಲ್ಲುಗಳಲ್ಲಿ ಮೇಲೆ ಸೂರ್ಯಚಂದ್ರರೂ ಕೆಳಗೆ ಕತ್ತೆ ಮತ್ತು ಸ್ತ್ರೀಯ ಅವಮಾನಕರ ಚಿತ್ರವೂ ಇವೆ. ಮುಂಬಯಿ, ಕೊಂಕಣಗಳಲ್ಲಿ ಕ್ಷೇತ್ರಕಾರ್ಯ ಮಾಡುವ ನಮ್ಮ ಸಂಶೋಧಕರಿಗೆ ಇವು ಅಪರಿಚಿತವಲ್ಲ. ದತ್ತಿಯನ್ನು ಅಳಿದವನ ತಾಯಿಗೆ ಆ ಗತಿ ಒದಗಲಿ ಎಂಬುದು ಅದರ ಬೈಗುಳ. ಬಹಿರಂಗತೆಯ ಒರೆಗಲ್ಲಿನಲ್ಲಿ ಈ ಶಿಲೆಗಳು ನಿಸ್ಸಂದೇಹವಾಗಿ ತೇರ್ಗಡೆಯಾಗುತ್ತವೆ. ಊರ ಬಯಲಿನಲ್ಲಿ, ಎಲ್ಲರ ಕಣ್ಣೆದುರು, ಅಕ್ಷರವಿಲ್ಲದವನಿಗೂ ತಿಳಿಯುವಂತೆ ಅವು ನಿಂತಿವೆ. ಆದರೂ ಅವು ನಮ್ಮ ಮನಸ್ಸನ್ನು ಕಲಕುತ್ತವೆ. ತಪ್ಪು ಮಾಡಬಹುದಾದವನು ಒಬ್ಬ ಪುರುಷ. ಅವನನ್ನು ತಡೆಯಲು ಕಲ್ಲಿನಲ್ಲಿ ಮಾನಗೇಡಿಗೆ ಗುರಿಯಾದವಳು ಏನನ್ನೂ ಮಾಡದ ಒಬ್ಬ ಸ್ತ್ರೀ. ಆದುದರಿಂದ ಬಹಿರಂಗತೆ ಅವಶ್ಯವಾದರೂ ಅಷ್ಟರಿಂದಲೇ ನೀತಿ ಪೂರ್ಣವಾಗುವುದಿಲ್ಲ. ಪ್ರೇರಣೆಯ ಭಾರವನ್ನು ಯಾರು ಹೊರುತ್ತಾರೆ ಎಂಬುದನ್ನೂ ಕೇಳಬೇಕಾಗುತ್ತದೆ.

ಶಾಪವಿದ್ದ ಮಾತ್ರಕ್ಕೆ ದತ್ತಿಗಳೆಲ್ಲ ಉಳಿದವೆಂದು ಹೇಳುವಂತಿಲ್ಲ. ಕೆಟ್ಟುಹೋದ ಧರ್ಮವನ್ನು ಜೀರ್ಣೋದ್ಧಾರ ಮಾಡಿದ, ಹಿಂದಿನ ದತ್ತಿಯನ್ನು ಮರಳಿ ಬಿಡಿಸಿಕೊಟ್ಟ ಸಂಗತಿಗಳನ್ನು ಶಾಸನಗಳೇ ಹೇಳುತ್ತವೆ. ಮೃದುಪ್ರೇರಣೆಯ ಫಲವನ್ನು ಅದರ ವಾಕ್ಚಾತುರ್ಯದಿಂದ ಅಳೆಯಬಾರದು ಎಂಬ ಪಾಠ ಇಲ್ಲಿದೆ.

5. ಕುಟುಂಬ ಯೋಜನೆ: ಸೂಚನೆಯಿಂದ ಬಲಾತ್ಕಾರದವರೆಗೆ

ಆಧುನಿಕ ಭಾರತದಲ್ಲಿ ಪ್ರಭುತ್ವದ ಪ್ರೇರಣೆಯು ಅತ್ಯಂತ ವ್ಯಾಪಕವಾಗಿ ಪ್ರಯೋಗಗೊಂಡ ಕ್ಷೇತ್ರ ಕುಟುಂಬ ಯೋಜನೆ. ಇದರ ಆರಂಭದ ಅಧ್ಯಾಯವು ಕನ್ನಡ ನಾಡಿಗೆ ಸೇರಿದ್ದು. 1930ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, ಮೈಸೂರು ಸಂಸ್ಥಾನವು ಸರ್ಕಾರಿ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಲು ಆದೇಶಿಸಿತು. ಸರ್ಕಾರವೇ ನಡೆಸಿದ ಇಂತಹ ಚಿಕಿತ್ಸಾಲಯಗಳಲ್ಲಿ ಇವು ಜಗತ್ತಿನಲ್ಲಿಯೇ ಮೊದಲಿನವೆಂದು ಪರಿಗಣಿತವಾಗಿವೆ. ಅಲ್ಲಿ ಸಲಹೆಯಿತ್ತು, ಒತ್ತಾಯವಿರಲಿಲ್ಲ, ಬೇಕೆಂದವರು ಹೋಗಬಹುದಾಗಿತ್ತು.

ಸ್ವತಂತ್ರ ಭಾರತವು ಮೊದಲ ಪಂಚವಾರ್ಷಿಕ ಯೋಜನೆಯಲ್ಲಿ ಈ ಕಾರ್ಯಕ್ರಮವನ್ನು ರಾಷ್ಟ್ರದ ಕಾರ್ಯಕ್ರಮವಾಗಿ ಸ್ವೀಕರಿಸಿತು. ಆ ಆರಂಭದ ವರ್ಷಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಡಾ. ಅಬ್ರಹಾಂ ಸ್ಟೋನ್ ಅವರ ಸಲಹೆಯಂತೆ ದೆಹಲಿಯ ಲೋಧಿ ಕಾಲನಿ ಮತ್ತು ಮೈಸೂರು ರಾಜ್ಯದ ರಾಮನಗರ ಎಂಬ ಎರಡು ಕಡೆ ಒಂದು ಪ್ರಯೋಗ ನಡೆಯಿತು. ಋತುಚಕ್ರದ ದಿನಗಳನ್ನು ಎಣಿಸಲು ಸ್ತ್ರೀಯರಿಗೆ ಬಣ್ಣಬಣ್ಣದ ಮಣಿಗಳ ಸರವನ್ನು ಕೊಡಲಾಯಿತು. ದಿನಕ್ಕೊಂದು ಮಣಿಯನ್ನು ಸರಿಸಬೇಕು. ಬಣ್ಣವು ದಿನದ ಸ್ವರೂಪವನ್ನು ತಿಳಿಸುತ್ತದೆ. ಇಂದಿನ ಪರಿಭಾಷೆಯಲ್ಲಿ ಇದು ನಿಜವಾದ ಮೃದುಪ್ರೇರಣೆ. ಅದು ಸರಳ, ಅಗ್ಗ, ಬಿಟ್ಟುಬಿಡಲು ಯಾವ ಅಡ್ಡಿಯೂ ಇಲ್ಲದ್ದು. ಜನರು ಬಿಟ್ಟೂ ಬಿಟ್ಟರು. ಪ್ರಯೋಗವು ನಿರೀಕ್ಷಿತ ಫಲವನ್ನು ಕೊಡಲಿಲ್ಲ. ನಮ್ಮ ದೃಷ್ಟಿಯಲ್ಲಿ ಈ ವೈಫಲ್ಯವು ಮಹತ್ವದ್ದು. ಬೇಡವೆನ್ನುವ ಹಕ್ಕು ನಿಜವಾಗಿ ಇತ್ತೆಂಬುದಕ್ಕೆ ಜನರು ಬೇಡವೆಂದುದೇ ಸಾಕ್ಷಿ.

ಅರವತ್ತರ ದಶಕದಲ್ಲಿ ಕೆಂಪು ತ್ರಿಕೋನದ ಚಿಹ್ನೆಯು ಗೋಡೆಗೋಡೆಗಳ ಮೇಲೆ ಕಾಣಿಸಿಕೊಂಡಿತು. 1968ರಲ್ಲಿ ನಿರೋಧ್ ಮಾರುಕಟ್ಟೆಗೆ ಬಂದಿತು; ಚಹಾ, ಸಾಬೂನುಗಳನ್ನು ಹಳ್ಳಿಗೆ ಮುಟ್ಟಿಸುವ ಕಂಪನಿಗಳ ಮೂಲಕವೇ, ಮೂರಕ್ಕೆ 15 ಪೈಸೆಯಂತೆ, ಅದು ಅಂಗಡಿಗಳನ್ನು ತಲುಪಿತು. ಚಿಹ್ನೆ, ಬೆಲೆ, ಸುಲಭ ಲಭ್ಯತೆ ಎಂಬ ಈ ಮೂರೂ ಆಯ್ಕೆಯನ್ನು ಹಗುರಗೊಳಿಸಿದವು, ಕಸಿದುಕೊಳ್ಳಲಿಲ್ಲ.

ಮುಂದಿನ ಹೆಜ್ಜೆ ಬೇರೆಯಾಯಿತು. 1971ರ ಜುಲೈಯಲ್ಲಿ ಕೇರಳದ ಎರ್ನಾಕುಲಂನಲ್ಲಿ ನಡೆದ ಬೃಹತ್ ಶಿಬಿರದಲ್ಲಿ ಒಂದೇ ತಿಂಗಳಿನಲ್ಲಿ 63 ಸಾವಿರಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳಾದವು. ಶಿಬಿರವು ಹಬ್ಬದಂತೆ ನಡೆಯಿತು. ಬಂದವರಿಗೆ ನಗದೂ ಉಡುಗೊರೆಯೂ ದೊರೆಯುತ್ತಿದ್ದವು. ಜನರನ್ನು ಕರೆತರುವವರಿಗೂ ಸಂಭಾವನೆಯಿತ್ತು. ಅವರನ್ನು ಕರೆದುದು ‘ಪ್ರೇರಕ’ರೆಂದು. ಪ್ರೇರಣೆಯು ಇಲ್ಲಿ ವೃತ್ತಿಯಾಯಿತು. ಪ್ರೇರಿತನ ಒಪ್ಪಿಗೆಯು ಪ್ರೇರಕನ ಆದಾಯವಾಯಿತು. ಇದು ಲಾಭನಷ್ಟದ ಲೆಕ್ಕವನ್ನು ಬದಲಿಸುವ ಕ್ರಮವಾದುದರಿಂದ ನಡ್ಜ್ ಅಲ್ಲವೆಂದು ಥೇಲರ್ ಮತ್ತು ಸನ್‌ಸ್ಟೀನ್ ಅವರ ಲಕ್ಷಣವನ್ನು ಹಿಡಿದು ವಾದಿಸಬಹುದು. ವಾದ ಸರಿಯೇ. ಆದರೆ ಲಕ್ಷಣಕಾರನು ಎಳೆದ ಗೆರೆಯನ್ನು ಕಾರ್ಯಾಂಗವು ಗೌರವಿಸುತ್ತದೆಯೇ ಎಂಬುದು ಚರಿತ್ರೆಯ ಪ್ರಶ್ನೆ.

1975ರ ಜೂನ್ 25ರಂದು ತುರ್ತುಪರಿಸ್ಥಿತಿ ಘೋಷಿತವಾಯಿತು. 1976ರ ಏಪ್ರಿಲ್ 16ರಂದು ಕರಣ್ ಸಿಂಗ್ ಅವರು ರಾಷ್ಟ್ರೀಯ ಜನಸಂಖ್ಯಾ ನೀತಿಯನ್ನು ಪ್ರಕಟಿಸಿದರು. ಎರಡು ಮಕ್ಕಳಾದ ಮೇಲೆ ಶಸ್ತ್ರಚಿಕಿತ್ಸೆಗೆ ಒಳಗಾದವರಿಗೆ 150 ರೂಪಾಯಿ, ಮೂರಾದ ಮೇಲೆ 100, ನಾಲ್ಕು ಅಥವಾ ಹೆಚ್ಚಾದರೆ 70 ಎಂದು ನಿಗದಿಯಾಯಿತು. ಕಡ್ಡಾಯದ ಶಾಸನವನ್ನು ಮಾಡಬಯಸುವ ರಾಜ್ಯಗಳಿಗೆ ಕೇಂದ್ರವು ಅಡ್ಡಿ ಬರಲಿಲ್ಲ. ಮೂರು ಮಕ್ಕಳ ಅನಂತರ ಶಸ್ತ್ರಚಿಕಿತ್ಸೆಯನ್ನು ಕಡ್ಡಾಯಗೊಳಿಸುವ ಮಸೂದೆಯನ್ನು ಮಹಾರಾಷ್ಟ್ರದ ವಿಧಾನಮಂಡಲವು ಅಂಗೀಕರಿಸಿತು. ರಾಷ್ಟ್ರಪತಿಗಳ ಅಂಕಿತ ದೊರೆಯದುದರಿಂದ ಅದು ಕಾಯಿದೆಯಾಗಲಿಲ್ಲ. ಷಾ ಆಯೋಗದ ವರದಿಯಂತೆ 1975–76ರಲ್ಲಿ 26.24 ಲಕ್ಷವಿದ್ದ ಶಸ್ತ್ರಚಿಕಿತ್ಸೆಗಳ ಸಂಖ್ಯೆ 1976–77ರಲ್ಲಿ 81.32 ಲಕ್ಷಕ್ಕೇರಿತು. ಸಂಬಂಧಿಸಿದ ಮರಣಗಳು 1,774. ಅವಿವಾಹಿತರಿಗೆ ಶಸ್ತ್ರಚಿಕಿತ್ಸೆ ಮಾಡಿದ ಬಗೆಗೆ 548 ದೂರುಗಳು ಬಂದಿದ್ದವು.

ಇಲ್ಲಿ ಒಂದು ಸೂಕ್ಷ್ಮವಿದೆ. ಎಲ್ಲ ಕಡೆಯೂ ಪೊಲೀಸರು ಎಳೆದೊಯ್ದರೆಂದಲ್ಲ. ದೆಹಲಿಯ ಪುನರ್ವಸತಿ ಬಡಾವಣೆಯೊಂದರ ಕಡತಗಳನ್ನು ಪರಿಶೀಲಿಸಿ ಮಾನವಶಾಸ್ತ್ರಜ್ಞೆ ಎಮ್ಮಾ ಟಾರ್ಲೋ 2003ರಲ್ಲಿ ಪ್ರಕಟಿಸಿದ ಅಧ್ಯಯನವು ಬೇರೊಂದು ಚಿತ್ರವನ್ನು ಕೊಡುತ್ತದೆ. ನಿವೇಶನದ ಹಕ್ಕನ್ನು ಪಡೆಯಲು ಇಲ್ಲವೆ ಉಳಿಸಿಕೊಳ್ಳಲು ಶಸ್ತ್ರಚಿಕಿತ್ಸೆಯ ಪ್ರಮಾಣಪತ್ರವನ್ನು ತೋರಿಸಬೇಕಾಗಿತ್ತು. ತಾನು ಒಳಗಾಗಲೊಲ್ಲದವನು ಇನ್ನೊಬ್ಬನನ್ನು ‘ಪ್ರೇರೇಪಿಸಿ’ ಪತ್ರವನ್ನು ಪಡೆಯಬಹುದಾಗಿತ್ತು. ಹೀಗೆ ಬಡವನು ತನಗಿಂತ ಬಡವನನ್ನು ಹುಡುಕಿ ಹಣ ಕೊಟ್ಟು ಕರೆತಂದನು. ಕಾಗದದ ಮೇಲೆ ಪ್ರತಿಯೊಂದು ಪ್ರಕರಣವೂ ಸ್ವಯಂಪ್ರೇರಿತ. ಆಯ್ಕೆಗಳನ್ನು ಜೋಡಿಸಿದವರು ಮಾತ್ರ, ಬೇಡವೆನ್ನುವುದಕ್ಕೆ ಮನೆಯನ್ನೇ ಬೆಲೆಯಾಗಿ ಇಟ್ಟಿದ್ದರು.

1977ರ ಚುನಾವಣೆಯ ಅನಂತರ ಇಲಾಖೆಯ ಹೆಸರಿನಲ್ಲಿದ್ದ ‘ಯೋಜನೆ’ಯು ‘ಕಲ್ಯಾಣ’ವಾಯಿತು. ಪುರುಷರ ಶಸ್ತ್ರಚಿಕಿತ್ಸೆಯು ರಾಜಕೀಯವಾಗಿ ಅಸ್ಪೃಶ್ಯವಾಯಿತು. ಭಾರವು ಸ್ತ್ರೀಯರ ಮೇಲೆ ಸರಿಯಿತು. ಗುರಿಮುಕ್ತ ನೀತಿ ಘೋಷಣೆಯಾದುದು 1996ರಲ್ಲಿ. 2014ರ ನವೆಂಬರಿನಲ್ಲಿ ಛತ್ತೀಸಗಢದ ಬಿಲಾಸಪುರ ಜಿಲ್ಲೆಯ ಶಿಬಿರಗಳಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾದ ಹತ್ತಕ್ಕೂ ಹೆಚ್ಚು ಸ್ತ್ರೀಯರು ಮೃತರಾದರು. 2016ರ ಸೆಪ್ಟೆಂಬರ್ 14ರಂದು ದೇವಿಕಾ ಬಿಸ್ವಾಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಇಂತಹ ಶಿಬಿರಗಳನ್ನು ಮೂರು ವರ್ಷಗಳಲ್ಲಿ ನಿಲ್ಲಿಸಬೇಕೆಂಬ ನಿರ್ದೇಶನವನ್ನಿತ್ತಿತು. 2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ವಿವಾಹಿತ ಸ್ತ್ರೀಯರಲ್ಲಿ ಸ್ತ್ರೀಶಸ್ತ್ರಚಿಕಿತ್ಸೆಯನ್ನು ಅವಲಂಬಿಸಿದವರು ಶೇ. 37.9, ಪುರುಷರ ಶಸ್ತ್ರಚಿಕಿತ್ಸೆಯನ್ನು ಅವಲಂಬಿಸಿದವರು ಶೇ. 0.3. ಗಧೇಗಳ್ ಕಲ್ಲಿನಲ್ಲಿ ನಾವು ಕಂಡ ಅನ್ಯಾಯವು ಅಂಕಿಸಂಖ್ಯೆಗಳ ರೂಪದಲ್ಲಿ ಮರಳಿ ಕಾಣಿಸುತ್ತದೆ ಎಂದರೆ ಅತಿಶಯೋಕ್ತಿಯಾಗಲಾರದು.

6. ಹೊಸ ಶಾಸ್ತ್ರ, ಹಳೆಯ ಉಪಾಯಗಳು

ಈ ಹಿನ್ನೆಲೆಯಲ್ಲಿ 2019ರ ಆರ್ಥಿಕ ಸಮೀಕ್ಷೆಯನ್ನು ಓದಿದಾಗ ಅಲ್ಲಿಯ ಕೆಲವು ಸಲಹೆಗಳು ನಮಗೆ ಹೊಸವೆನಿಸುವುದಿಲ್ಲ. ಸಾಲವನ್ನು ತೀರಿಸದೆ ಸಾಯುವುದು ಪಾಪವೆಂಬ ಭಾವನೆ ಹಲವು ಮತಧರ್ಮಗಳಲ್ಲಿ ಇರುವುದನ್ನು ಅದು ಉಲ್ಲೇಖಿಸಿ, ತೆರಿಗೆಯ ವಂಚನೆಯನ್ನು ತಗ್ಗಿಸಲು ಆ ಭಾವನೆಯನ್ನು ಬಳಸಿಕೊಳ್ಳಬಹುದೆಂದು ಸೂಚಿಸಿತು. ಹೆಚ್ಚು ತೆರಿಗೆ ಕೊಡುವವರಿಗೆ ಗೌರವದ ಸೌಲಭ್ಯಗಳನ್ನು ನೀಡಬೇಕೆಂದಿತು. ಪಾಪಪುಣ್ಯಗಳನ್ನು ಅಕ್ಕಪಕ್ಕದಲ್ಲಿಟ್ಟ ಶಾಪಾಶಯದ ರಚನೆ ಇಲ್ಲಿ ಮರುಹುಟ್ಟು ಪಡೆದಿದೆ. ಒಂದು ವ್ಯತ್ಯಾಸವನ್ನು ಮಾತ್ರ ಗಮನಿಸಬೇಕು. ಶಾಸನವನ್ನು ಬರೆಸಿದವನೂ ಓದುವವನೂ ಆ ಪಾಪವನ್ನು ನಂಬಿದ್ದರು. ಆ ಶಾಪಕ್ಕೆ ದಾನಿಯ ಸಂತತಿಯೂ ಒಳಗಾಗಿತ್ತು. ತಾನು ನಂಬಲೇಬೇಕಾಗಿಲ್ಲದ ನಂಬಿಕೆಯನ್ನು ಪ್ರಜೆಯಲ್ಲಿ ಸಾಧನವಾಗಿ ಬಳಸಿಕೊಳ್ಳುವ ಪ್ರಭುತ್ವವು ಶಾಸನಕಾರನಿಗಿಂತ ಕೌಟಿಲ್ಯನಿಗೇ ಹತ್ತಿರವಾಗುತ್ತದೆ.

2014ರ ಅಕ್ಟೋಬರ್ 2ರಂದು ಆರಂಭವಾದ ಸ್ವಚ್ಛ ಭಾರತ ಅಭಿಯಾನವನ್ನು ಅದೇ ಸಮೀಕ್ಷೆಯು ಯಶಸ್ವಿ ನಿದರ್ಶನವಾಗಿ ಕೊಟ್ಟಿದೆ. ಶೌಚಾಲಯಗಳ ನಿರ್ಮಾಣದಿಂದ ಜನರಿಗಾದ ಉಪಕಾರವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಹಲವು ಹಳ್ಳಿಗಳಲ್ಲಿ ನಸುಕಿನಲ್ಲಿಯೇ ಕಾವಲು ತಂಡಗಳು ಬಯಲಿಗೆ ಹೋದವರ ಹಿಂದೆ ಸೀಟಿ ಊದಿದುದೂ, ಅವರನ್ನು ಎಲ್ಲರೆದುರು ನಾಚಿಸಿದುದೂ ನಡೆಯಿತು. ನೀರೂ ಜಾಗವೂ ಇರುವ ಮನೆಯವನಿಗೆ ಈ ಸೀಟಿಯು ಜ್ಞಾಪನೆ; ಎರಡೂ ಇಲ್ಲದವನಿಗೆ ಅದು ಶಿಕ್ಷೆ. ಅಶೋಕನ ಅಟವಿಯ ಜನರನ್ನು ನಾವು ಇಲ್ಲಿ ನೆನೆಯಬೇಕು.

ಆಯ್ಕೆಯೇ ಮಾಡದಿದ್ದರೆ ಏನಾಗಬೇಕೆಂಬ ಪೂರ್ವನಿಶ್ಚಿತ ವ್ಯವಸ್ಥೆಯು ಈ ಶಾಸ್ತ್ರದ ಅತ್ಯಂತ ಪ್ರಬಲ ಅಸ್ತ್ರ. ಎರಿಕ್ ಜಾನ್ಸನ್ ಮತ್ತು ಡೇನಿಯಲ್ ಗೋಲ್ಡ್‌ಸ್ಟೀನ್ ಅವರ 2003ರ ಪ್ರಬಂಧದಂತೆ, ಅಂಗಾಂಗ ದಾನಕ್ಕೆ ಸ್ವತಃ ಒಪ್ಪಿಗೆ ಸೂಚಿಸಬೇಕಾದ ಜರ್ಮನಿಯಲ್ಲಿ ಒಪ್ಪಿದವರು ಶೇ. 12, ನಿರಾಕರಿಸದವರೆಲ್ಲ ಒಪ್ಪಿದಂತೆಯೇ ಎಂಬ ಕಾನೂನಿರುವ ಆಸ್ಟ್ರಿಯಾದಲ್ಲಿ ಶೇ. 99.98. ಈ ಅಂತರವು ಎರಡು ದೇಶಗಳ ಔದಾರ್ಯದ ಅಂತರವಲ್ಲ. ಮೌನಕ್ಕೆ ಕಾನೂನು ಕೊಟ್ಟ ಅರ್ಥದ ಅಂತರ. 1979ರಿಂದಲೇ ಊಹಿತ ಸಮ್ಮತಿಯ ಕಾನೂನಿದ್ದರೂ ಸ್ಪೇನ್ ದೇಶದಲ್ಲಿ ಕುಟುಂಬದವರನ್ನು ಕೇಳಿಯೇ ಮುಂದುವರಿಯುತ್ತಾರೆ. ಅಲ್ಲಿಯ ಯಶಸ್ಸಿಗೆ ಆಸ್ಪತ್ರೆಗಳ ಸಮನ್ವಯ ವ್ಯವಸ್ಥೆಯೇ ಮುಖ್ಯ ಕಾರಣವೆಂದು ಬಲ್ಲವರು ಹೇಳುತ್ತಾರೆ. ಭಾರತದ 1994ರ ಕಾಯಿದೆಯು ಸ್ಪಷ್ಟ ಸಮ್ಮತಿಯನ್ನೇ ಅವಲಂಬಿಸಿದೆ. ಮೌನವನ್ನು ಸಮ್ಮತಿಯೆಂದು ಎಣಿಸುವ ಮುನ್ನ, ಮಾತನಾಡುವ ಸಾಮರ್ಥ್ಯವೂ ಅವಕಾಶವೂ ಎಲ್ಲರಿಗೂ ಇದೆಯೇ ಎಂದು ವಿಚಾರಿಸುವುದು ನ್ಯಾಯ.

ಹೊರನಾಡಿನ ಕನ್ನಡಿಗರಿಗೆ ಇದು ದೂರದ ಸಂಗತಿಯಲ್ಲ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಸೌಕರ್ಯ ಒದಗಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಆದರೆ ಆ ಸೌಕರ್ಯವನ್ನು ಕೇಳಿ ಪಡೆಯಬೇಕಾದವನು ಕನ್ನಡಿಗ; ಕೇಳದಿದ್ದರೆ ಮಗುವಿಗೆ ದೊರೆಯುವುದು ಬೇರೆ ಮಾಧ್ಯಮ. ಯಾರೂ ಕನ್ನಡವನ್ನು ನಿಷೇಧಿಸಿಲ್ಲ, ಯಾರೂ ದಂಡಿಸುವುದಿಲ್ಲ. ಆದರೂ ತಲೆಮಾರೊಂದರಲ್ಲಿ ಮನೆಯ ಓದು ಬದಲಾಗಿಬಿಡುತ್ತದೆ. ಪೂರ್ವನಿಶ್ಚಿತ ವ್ಯವಸ್ಥೆಯು ತಟಸ್ಥವಲ್ಲವೆಂಬ ಸತ್ಯವನ್ನು ನಾವು ಸಿದ್ಧಾಂತದಿಂದ ಕಲಿಯಬೇಕಾಗಿಲ್ಲ.

7. ಉಪಸಂಹಾರ

ಮೇಲಿನ ಪರಿಶೀಲನೆಯಿಂದ ಪ್ರಭುತ್ವದ ಯಾವುದೇ ಮೃದುಪ್ರೇರಣೆಗೆ ನಾಲ್ಕು ಪ್ರಶ್ನೆಗಳನ್ನು ಕೇಳಬಹುದೆಂದು ತೋರುತ್ತದೆ. ಅಶೋಕನ ಸ್ತಂಭದಂತೆ ಅದು ತನ್ನ ಉದ್ದೇಶವನ್ನು ಬಯಲಿನಲ್ಲಿ ಹೇಳಬಲ್ಲುದೇ? ಕೌಟಿಲ್ಯನ ಸರ್ಪದಂತಲ್ಲದೆ ಅದು ಸತ್ಯವನ್ನು ಅವಲಂಬಿಸಿದೆಯೇ? ರಾಮನಗರದ ಮಣಿಸರದಂತೆ ಅದನ್ನು ಕೆಳಗಿಡುವವನಿಗೆ ಏನೂ ನಷ್ಟವಾಗದೇ ಉಳಿಯುವುದೇ? ಗಧೇಗಳ್ ಕಲ್ಲಿನಂತಲ್ಲದೆ ಅದರ ಭಾರವು ನಿರಪರಾಧಿಯ ಮೇಲೆ ಬೀಳದಿರುವುದೇ? ಮೊದಲ ಎರಡು ಪ್ರಶ್ನೆಗಳನ್ನು ಇಂದಿನ ವಿದ್ವಾಂಸರು ಸಾಕಷ್ಟು ಚರ್ಚಿಸಿದ್ದಾರೆ. ಕೊನೆಯ ಎರಡಕ್ಕೆ ನಮ್ಮ ದೇಶದ ಚರಿತ್ರೆಯು ವಿಶೇಷ ಒತ್ತನ್ನು ಕೊಡುತ್ತದೆ. ಸಮಾನರ ನಡುವೆ ಮೊಣಕೈಯ ತಿವಿತವು ಸಲಿಗೆಯ ಸನ್ನೆ. ಅಸಮಾನರ ನಡುವೆ ಅದೇ ತಿವಿತ ತಳ್ಳುವಿಕೆಯಾಗಲು ಹೆಚ್ಚು ಹೊತ್ತು ಬೇಡ.

ಇಷ್ಟರಿಂದ ಪ್ರಭುತ್ವವು ಪ್ರೇರಣೆಯನ್ನು ತ್ಯಜಿಸಿ ಆಜ್ಞೆಗೆ ಮರಳಬೇಕೆಂದು ನಾವು ಹೇಳುತ್ತಿಲ್ಲ. ಅರ್ಜಿಯ ನಮೂನೆಗೆ ಒಂದು ಕ್ರಮ ಇದ್ದೇ ಇರಬೇಕು. ಆಯ್ಕೆ ಮಾಡದವನಿಗೆ ಏನಾಗಬೇಕೆಂಬುದನ್ನು ಯಾರಾದರೂ ನಿರ್ಧರಿಸಲೇಬೇಕು. ನಿಯಮಕ್ಕಿಂತ ನಿಝತಿ ಮೇಲೆಂಬ ಅಶೋಕನ ತೂಕ ಇಂದಿಗೂ ಸರಿಯೆಂದೇ ನಮ್ಮ ಭಾವನೆ. ಆದರೆ ನಿಝತಿ ಎಂಬ ಮಾತಿಗೆ ಮನವೊಲಿಕೆಯೆಂಬ ಅರ್ಥದ ಜೊತೆಗೆ ಮನನವೆಂಬ ಅರ್ಥವೂ ಉಂಟೆಂಬುದನ್ನು ಮರೆಯಬಾರದು. ಕೇಳಿದವನು ತಾನೇ ಯೋಚಿಸಿ ಒಪ್ಪುವುದು ಅದರಲ್ಲಿ ಅಡಕವಾಗಿದೆ. ಮನನಕ್ಕೆ ಅವಕಾಶವಿಲ್ಲದ ಮನವೊಲಿಕೆ ಅರ್ಧ ನಿಝತಿ.

ಕನ್ನಡದ ವ್ಯಾಕರಣವು ಈ ವಿವೇಕವನ್ನು ತನ್ನಲ್ಲಿ ಕಾಪಾಡಿಕೊಂಡಿದೆ. ‘ಮಾಡು’ ಧಾತುವಿಗೆ ‘ಇಸು’ ಪ್ರತ್ಯಯ ಸೇರಿದರೆ ‘ಮಾಡಿಸು’ ಎಂಬ ಪ್ರೇರಣಾರ್ಥಕ ರೂಪವಾಗುತ್ತದೆ. ಅಲ್ಲಿ ಮಾಡುವವನೊಬ್ಬ, ಮಾಡಿಸುವವನು ಇನ್ನೊಬ್ಬ. ಅದಕ್ಕೆ ‘ಕೊಳ್ಳು’ ಸೇರಿ ‘ಮಾಡಿಸಿಕೊಳ್ಳು’ ಎಂದಾದಾಗ ಇಚ್ಛೆಯು ಮರಳಿ ತನ್ನದಾಗುತ್ತದೆ. ನಮ್ಮ ಜನರು ಈ ಶಸ್ತ್ರಚಿಕಿತ್ಸೆಯ ಬಗೆಗೆ ಆಡುವ ಮಾತಿನಲ್ಲಿ ‘ಆಪರೇಷನ್ ಮಾಡಿಸಿಕೊಂಡರು’ ಎಂಬ ರೂಪವೂ ಉಂಟು, ‘ಆಪರೇಷನ್ ಮಾಡಿಸಿಬಿಟ್ಟರು’ ಎಂಬ ರೂಪವೂ ಉಂಟು. 1976–77ರ 81.32 ಲಕ್ಷ ಪ್ರಕರಣಗಳಲ್ಲಿ ಯಾವುದು ಮೊದಲನೆಯ ಕ್ರಿಯಾಪದಕ್ಕೆ ಸೇರಿತು, ಯಾವುದು ಎರಡನೆಯದಕ್ಕೆ ಎಂಬುದನ್ನು ಯಾವ ಕಡತವೂ ಹೇಳುವುದಿಲ್ಲ. ಕಡತಗಳಲ್ಲಿ ಎಲ್ಲವೂ ಸಮ್ಮತಿಯೇ. ಆ ಭೇದವು ಅದಕ್ಕೆ ಒಳಗಾದವರ ಮಾತಿನಲ್ಲಿ ಮಾತ್ರ ಉಳಿದಿದೆ. ಅವರಲ್ಲಿ ಬದುಕಿರುವವರು ಈಗ ವೃದ್ಧರು. ಮುಂಬಯಿ, ಪುಣೆ, ದೆಹಲಿ, ಹೈದರಾಬಾದುಗಳಿಗೆ ದುಡಿಮೆಗಾಗಿ ವಲಸೆ ಬಂದ ಕನ್ನಡಿಗರ ಮೌಖಿಕ ಚರಿತ್ರೆಯನ್ನು ಸಂಗ್ರಹಿಸುತ್ತಿರುವ ಕಿರಿಯ ಸಂಶೋಧಕರು ತಮ್ಮ ಪ್ರಶ್ನಾವಳಿಯಲ್ಲಿ ಈ ವಿಷಯಕ್ಕೂ ಸ್ಥಾನವನ್ನು ಕೊಡಬೇಕೆಂದೂ, ಉತ್ತರವನ್ನು ಬರೆದುಕೊಳ್ಳುವಾಗ ಹೇಳಿದವರ ಕ್ರಿಯಾಪದವನ್ನು ತಿದ್ದದೆ ಹೇಳಿದಂತೆಯೇ ಉಳಿಸಿಕೊಳ್ಳಬೇಕೆಂದೂ ನಮ್ಮ ವಿನಂತಿ.